ಪಕ್ಕದ ಸೀಟಿನ ಬ್ರೇಕು

"ಗುರುವೇ, ಒಂದು ನಿಮಿಷ ಬಗ್ಗಿ ನೋಡಿ ಇಲ್ಲಿ," ಎಂದು ಮೆಕ್ಯಾನಿಕ್ ಕಾರಿನ ಒಳಗಿನಿಂದಲೇ ಕೂಗಿದ. ಅವನ ತಲೆ ಸ್ಟೀರಿಂಗಿನ ಕೆಳಗಿತ್ತು, ಕಾಲು ಬಾಗಿಲಿನ ಹೊರಗಿತ್ತು. "ಕಲಿಯೋರ ಕಡೆ ಬ್ರೇಕಿನ ರಬ್ಬರ್ ನೋಡಿ, ಗೆರೆಗೆರೆಯಾಗಿ ಹೊಸದರ ಹಾಗೇ ಇದೆ. ನಿಮ್ಮ ಕಡೇದು ನೋಡಿ, ನುಣ್ಣಗೆ ಬೋಳು ತಲೆ! ಅಲ್ಲಾ, ನಿಮ್ಮ ಸ್ಕೂಲಲ್ಲಿ ಗಾಡಿ ಓಡಿಸೋದು ಯಾರು, ಪಕ್ಕದಲ್ಲಿ ಕೂರೋದು ಯಾರು?"

ಟೈರಿಗೆ ಗಾಳಿ ತುಂಬಿಸಿಕೊಳ್ಳುತ್ತಿದ್ದವರೊಬ್ಬರು ಗೊಳ್ಳೆಂದು ನಕ್ಕರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವರು ತಮ್ಮ ಬಲಗಾಲನ್ನು ನೋಡಿಕೊಂಡರು.

"ಕಿತ್ತು ಹಾಕಿಬಿಡು," ಎಂದರು.

"ಹಳೇ ರಬ್ಬರ್ ತಾನೇ? ಕಿತ್ತು ಹೊಸದು ಹಾಕ್ತೀನಿ."

"ರಬ್ಬರಲ್ಲಯ್ಯಾ. ನನ್ನ ಕಡೆ ಪೆಡಲನ್ನೇ ಕಿತ್ತು ಹಾಕು."

ಮೆಕ್ಯಾನಿಕ್ ತಲೆ ಹೊರಗೆ ತಂದ. "ಬೆಳಿಗ್ಗೆ ಬೆಳಿಗ್ಗೆ ಏನಾಯ್ತು ನಿಮಗೆ? ಕಲಿಸೋ ಗಾಡೀಲಿ ಅದಿಲ್ಲ ಅಂದ್ರೆ ಸ್ಕೂಲಿಗೆ ಬೀಗ ಜಡೀತಾರೆ. ನಾಳೆ ಯಾರಾದ್ರೂ ಹೋಗಿ ಗೋಡೆಗೆ ಗುದ್ದಿದ್ರೆ ನನ್ನ ಹೆಸರು ಹೇಳ್ತೀರಿ. ಆಗಲ್ಲ ಗುರುವೇ, ಆಗಲ್ಲ."

ಹೊಸ ರಬ್ಬರ್ ಹಾಕಿಸಿಕೊಂಡು ಮೇಷ್ಟ್ರು ಹೊರಟರು.

ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಮೇಷ್ಟ್ರ ಪಕ್ಕ ಕುಳಿತು ಕಲಿತವರೇ. ಗೇರು, ಕ್ಲಚ್ಚು, ಏರಿನಲ್ಲಿ ನಿಲ್ಲಿಸುವುದು ಎಲ್ಲ ಆದ ಮೇಲೆ ಕೊನೆಗೆ ಗೇಟಿನ ಪಾಠ. ಗೇಟು ಎನ್ನುವುದು ಬಾಯಿಮಾತಿಗೆ. ಅಲ್ಲಿ ಗೇಟೂ ಇಲ್ಲ, ಕಾಯುವವನೂ ಇಲ್ಲ. ಹಿಟ್ಟಿನ ಗಿರಣಿ ದಾಟಿದ ಮೇಲೆ ರಸ್ತೆ ಸ್ವಲ್ಪ ಇಳಿದು, ರೈಲು ಹಳಿಯನ್ನು ಅಡ್ಡ ಹಾದು, ಮತ್ತೆ ಏರುತ್ತದೆ. ಒಂದು ಕಡೆ ಗೋದಾಮಿನ ಗೋಡೆ, ಇನ್ನೊಂದು ಕಡೆ ಆಳೆತ್ತರದ ಪೊದೆ. ಹಳಿಗೆ ತೀರಾ ಹತ್ತಿರ ಹೋಗುವ ತನಕ ರೈಲು ಕಣ್ಣಿಗೆ ಬೀಳುವುದೇ ಇಲ್ಲ, ಕಿವಿಯೇ ಗತಿ.

"ಬಿಳೀ ಗೆರೆ ಹತ್ರ ನಿಲ್ಲಿಸು. ಗಾಜು ಇಳಿಸು. ಹಾಡು ಬಂದ್ ಮಾಡು. ಆ ಕಡೆ ನೋಡು, ಈ ಕಡೆ ನೋಡು, ಮತ್ತೆ ಆ ಕಡೆ ನೋಡು. ಹಳಿ ಮೇಲೆ ಗೇರ್ ಬದಲಾಯಿಸೋ ಹಾಗಿಲ್ಲ. ಮುಂದಿನ ಗಾಡಿ ಪೂರ್ತಿ ದಾಟಿ ಜಾಗ ಬಿಡೋ ತನಕ ನೀನು ಹತ್ತೋ ಹಾಗಿಲ್ಲ. ದೂರದಿಂದ ರೈಲು ಆಮೆ ಥರ ಕಾಣುತ್ತೆ, ನಂಬಿ ಕೆಡಬೇಡ. ರೈಲಿಗೂ ಬ್ರೇಕ್ ಇದೆ ಕಣಪ್ಪಾ, ಆದ್ರೆ ಅದನ್ನ ನಿನಗೋಸ್ಕರ ಇಟ್ಟಿಲ್ಲ!"

ಮಾತಿನಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ತಪ್ಪಿದ್ದು ಕಾಲು. ಗಿರಣಿ ದಾಟಿತೋ ಇಲ್ಲವೋ, ಮೇಷ್ಟ್ರ ಬಲಗಾಲು ತಾನಾಗಿಯೇ ಹೋಗಿ ತಮ್ಮ ಕಡೆಯ ಬ್ರೇಕಿನ ಮೇಲೆ ಕೂರುತ್ತಿತ್ತು, ಮೆಲ್ಲಗೆ ಒತ್ತುತ್ತಿತ್ತು. ಎರಡು ಪೆಡಲಿಗೂ ಒಂದೇ ಸರಳು. ಇಲ್ಲಿ ಒತ್ತಿದರೆ ಅಲ್ಲೂ ಇಳಿಯುತ್ತದೆ. ಅಂಗೈ ಬೆವರಿ ಬಾಯಿ ಒಣಗಿದ ಮಕ್ಕಳಿಗೆ ಅದೆಲ್ಲಿ ತಿಳಿಯಬೇಕು? ತಮ್ಮ ಕಾಲೇ ಒತ್ತಿತು ಅಂದುಕೊಳ್ಳುತ್ತಿದ್ದರು. ಕಾರು ಬಿಳಿ ಗೆರೆಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. "ಶಭಾಷ್!" ಎಂದು ಮೇಷ್ಟ್ರು ಡ್ಯಾಶ್‌ಬೋರ್ಡಿನ ಮೇಲೆ ಪಟಾರನೆ ಬಡಿಯುತ್ತಿದ್ದರು. ಮಕ್ಕಳ ಮುಖ ಅರಳುತ್ತಿತ್ತು.

ಮೋಸ ಮಾಡಬೇಕೆಂದಲ್ಲ, ಪಾಪ. ಹೆದರಿಕೆ. ಯಾರ ಮಕ್ಕಳೋ ಏನೋ, ತಮ್ಮ ಗಾಡಿಯಲ್ಲಿ ಇರುವಾಗ ಏನೂ ಆಗಬಾರದು ಎನ್ನುವ ಹೆದರಿಕೆ. ಮಗನಿಗೆ ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿದವರು, ಅವನಿಗೆ ಮೀಸೆ ಚಿಗುರಿದರೂ ಕೈ ಬಿಡಲಿಲ್ಲ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. "ನೀವು ಯಾರನ್ನೂ ಬೀಳೋಕೆ ಬಿಡಲ್ಲ ರೀ," ಎಂದಿದ್ದಳು ಒಮ್ಮೆ, "ನೆಟ್ಟಗೆ ನಿಂತ್ಕೊಳ್ಳೋಕೂ ಬಿಡಲ್ಲ." ಆಗ ಮೇಷ್ಟ್ರು ನಕ್ಕುಬಿಟ್ಟಿದ್ದರು.

ದರ್ಜಿಯ ಮಗಳನ್ನು ಅವರು ಚೂಟಿ ಎಂದು ಕರೆಯುತ್ತಿದ್ದರು. ಕಲಿಯಲು ಬಂದವರಿಗೆಲ್ಲ ಅಡ್ಡಹೆಸರಿಡುವುದು ಅವರ ಚಾಳಿ, ಆದರೆ ಇವಳಿಗೆ ಆ ಹೆಸರು ನಿಜವಾಗಿಯೂ ಒಪ್ಪುತ್ತಿತ್ತು. ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಂಡವಳಲ್ಲ. ಲೈಸೆನ್ಸ್ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಹೋಟೆಲೊಂದಕ್ಕೆ ಹೊಲಿದ ಪರದೆಗಳನ್ನು ಕೊಟ್ಟು ಬರಲು ತಾಯಿಯನ್ನು ಕೂರಿಸಿಕೊಂಡು ಹೊರಟಳು. ಪಕ್ಕದ ಸೀಟಿನಲ್ಲಿ ತಾಯಿ, ತಾಯಿಯ ತೊಡೆಯ ಮೇಲೆ ಗಾಜು ಮುಚ್ಚುವಷ್ಟು ಎತ್ತರಕ್ಕೆ ಪರದೆಗಳ ಗಂಟು. ಗೇಟಿನಲ್ಲಿ ರೈಲು ಬಂದದ್ದು ಆ ಕಡೆಯಿಂದ. ಮಗಳು ಉಳಿದಳು, ತಾಯಿ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಮೇಷ್ಟ್ರ ಕೈ ಹಿಡಿದುಕೊಂಡು ಹೇಳಿದ್ದಳು. "ಗೇಟಿನ ಹತ್ರ ಕಾರು ನಿಧಾನ ಆಗುತ್ತೆ ಅಂತ ಕಾಯ್ತಾ ಇದ್ದೆ ಮೇಷ್ಟ್ರೇ. ಆಗ್ಲೇ ಇಲ್ಲ. ನನ್ನ ಕಾಲು ಒತ್ತೋದನ್ನೇ ಮರ್ತುಬಿಡ್ತು. ನೀವು ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ರಿ, ನಾನೇ ಅಮ್ಮನ್ನ..." ಸುತ್ತ ನಿಂತವರು ಜ್ವರದ ಬಡಬಡಿಕೆ ಅಂದುಕೊಂಡರು. ಅರ್ಥವಾದದ್ದು ಮೇಷ್ಟ್ರಿಗೊಬ್ಬರಿಗೇ. "ಸುಮ್ನಿರು ಮಗಳೇ, ಸುಮ್ನಿರು," ಎಂದು ಹೊದಿಕೆ ಸರಿಮಾಡಿದರು. ಆಮೇಲೆ ಸುಮ್ಮನಿದ್ದವರು ಅವರೇ, ಒಂದು ವರ್ಷ. ಹೇಳಬೇಕೆಂದು ದರ್ಜಿ ಅಂಗಡಿಯ ತನಕ ಹೋಗುವುದು, ಗುಂಡಿ ಹೊಲಿಸುವ ನೆಪದಲ್ಲಿ ಒಂದು ಅಂಗಿ ಕೊಟ್ಟು ವಾಪಸ್ ಬರುವುದು. ಅವರ ಅಂಗಿಗಳ ಗುಂಡಿಗಳೆಲ್ಲ ಈಗ ಬಹಳ ಗಟ್ಟಿಯಾಗಿವೆ.

ಗ್ಯಾರೇಜಿನಿಂದ ಬಂದಾಗ ಸ್ಕೂಲಿನ ಮುಂದಿನ ಬೆಂಚಿನ ಮೇಲೆ ಅಪ್ಪ ಮಗಳು ಇಬ್ಬರೂ ಕುಳಿತಿದ್ದರು. ದರ್ಜಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಚೂಟಿ ಎದ್ದು ನಿಂತಳು. ಎದ್ದು ನಿಲ್ಲುವಾಗ ಬೆಂಚು ಹಿಡಿದುಕೊಂಡಳು.

"ಕಾರಿನ ಮಾತೆತ್ತಿದ್ರೆ ಊಟ ಬಿಟ್ಟು ಎದ್ದು ಹೋಗ್ತಿದ್ದಳು ಮೇಷ್ಟ್ರೇ," ಎಂದ ದರ್ಜಿ. "ನಿನ್ನೆ ತಾನಾಗೇ ಹೇಳಿದಳು, ಅವರ ಹತ್ರ ಕರ್ಕೊಂಡು ಹೋಗು ಅಂತ."

"ಮೊದಲಿಂದ ಏನೂ ಬೇಡ," ಎಂದಳು ಅವಳು. "ಗೇಟಿನ ಪಾಠ ಒಂದೇ ಸಾಕು. ನಾನು ಎಲ್ಲಿ ಮರೆತೆ ಅಂತ ನನಗೆ ಗೊತ್ತಾಗ್ಬೇಕು."

ಅವಳು ಹೋಗಿ ಕಾರಿನಲ್ಲಿ ಕುಳಿತ ಮೇಲೆ ದರ್ಜಿ ದನಿ ತಗ್ಗಿಸಿದ. "ಮನೇಲಿ ಒಂದು ಲೋಟ ಬಿದ್ದರೂ ನಾನೇ ಬೀಳಿಸಿದೆ ಅಂತಾಳೆ. ಮಳೆ ಬಂದು ಬಟ್ಟೆ ನೆನೆದ್ರೂ ನಂದೇ ತಪ್ಪು ಅಂತಾಳೆ. ನಾನೊಂದು ದಿನಾನೂ ಬಾಯ್ಬಿಟ್ಟು ಬೈದಿಲ್ಲ ಮೇಷ್ಟ್ರೇ. ಆದ್ರೆ ತಪ್ಪಿಲ್ಲ ಅಂತಾನೂ ಹೇಳಿಲ್ಲ. ಸುಳ್ಳು ಹೇಗೆ ಹೇಳಲಿ? ನೀವು ಹೇಳಿದ್ರೆ ಕೇಳ್ತಾಳೆ, ಸ್ವಲ್ಪ ಧೈರ್ಯ ಹೇಳಿ."

ಮೇಷ್ಟ್ರು ಬಾಯಿ ತೆರೆದರು. ಹೇಳಿದರೆ ಸ್ಕೂಲಿನ ಬಾಗಿಲ ಮೇಲಿನ ಬೋರ್ಡು ಇಳಿಸಬೇಕಾದೀತು, ಇಳಿಸಿದರಾಯಿತು. ಆದರೆ ಈ ಮನುಷ್ಯನ ಮುಖವನ್ನು ನೋಡುವುದು ಹೇಗೆ? "ನೀವು ಅಂಗಡಿಗೆ ನಡೀರಿ," ಎಂದಷ್ಟೇ ಅಂದರು. ಛೀ, ಎಂಥ ಹೇಡಿ ನಾನು ಎಂದು ಮನಸ್ಸಿನಲ್ಲೇ ಬೈದುಕೊಂಡು ಪಕ್ಕದ ಸೀಟಿನಲ್ಲಿ ಕುಳಿತರು.

ಅವಳು ಚೆನ್ನಾಗಿಯೇ ಓಡಿಸಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಮೊಬೈಲ್ ನೋಡುತ್ತಾ ಅಡ್ಡ ಬಂದಾಗ ಸರಿಯಾದ ಹೊತ್ತಿಗೆ ತಾನೇ ಬ್ರೇಕ್ ಹಾಕಿದಳು. ಅಲ್ಲೆಲ್ಲ ಅವಳ ಕಾಲಿಗೆ ಮರೆವು ಇರಲಿಲ್ಲ. ಊರೊಳಗೆ ಮೇಷ್ಟ್ರು ಅವಳನ್ನು ಅವಳ ಪಾಡಿಗೆ ಬಿಟ್ಟು ಕಲಿಸಿದ್ದರು. ಊರೊಳಗೆ ಅಷ್ಟು ಹೆದರಿಕೆ ಇರಲಿಲ್ಲವಲ್ಲ.

"ಪಾಠ ಹೇಳಿ ಮೇಷ್ಟ್ರೇ," ಎಂದಳು, ಗಿರಣಿ ಕಾಣುತ್ತಿದ್ದಂತೆ. "ಮುಂಚೆ ಹೇಳ್ತಿದ್ರಲ್ಲ, ಹಾಗೇ ಹೇಳಿ."

"ನಿನಗೆ ಬಾಯಿಪಾಠ ಬರುತ್ತೆ."

"ಬರುತ್ತೆ. ದಿನಾ ಹೇಳ್ಕೊಳ್ತೀನಿ."

ಗಿರಣಿ ಹಿಂದೆ ಸರಿಯಿತು. ಮೇಷ್ಟ್ರ ಬಲಗಾಲು ಎದ್ದು ಹೋಗಿ ತನ್ನ ಜಾಗದಲ್ಲಿ ಕುಳಿತಿತು. ಹೊಸ ರಬ್ಬರಿನ ಗೆರೆಗಳು ಚಪ್ಪಲಿಯ ತಳಕ್ಕೆ ಒತ್ತಿದವು. ಇನ್ನು ಸ್ವಲ್ಪ ಒತ್ತಿದರೆ ಸಾಕು. ಕಾರು ಗೆರೆಗೆ ಸರಿಯಾಗಿ ನಿಲ್ಲುತ್ತದೆ, ಶಭಾಷ್ ಅನ್ನಬಹುದು. ಹುಡುಗಿ ನಗಲೂಬಹುದು, ದರ್ಜಿ ಕೈ ಮುಗಿದಾನು. ಎಲ್ಲರಿಗೂ ಒಳ್ಳೆಯದೇ.

ಅವರು ಗಾಜು ಇಳಿಸಿ ಕಿವಿಗೊಟ್ಟರು. ಗಾಳಿ ಬಿಟ್ಟರೆ ಏನೂ ಇಲ್ಲ. ಎರಡು ಕಾಲನ್ನೂ ಚಪ್ಪಲಿಯಿಂದ ಬಿಡಿಸಿ ಮೇಲೆತ್ತಿಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಕೈ ಮಾತ್ರ ಹ್ಯಾಂಡ್‌ಬ್ರೇಕಿನ ಮೇಲೆ ಹೋಯಿತು. ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಟ್ಟು ಹೋಗುತ್ತದೆಯೇ?

ಕಾರು ಇಳಿಜಾರಿಗೆ ಬಿತ್ತು. ಚೂಟಿಯ ಕಾಲು ಬ್ರೇಕಿನ ಮೇಲೆ ಹಗುರವಾಗಿ ಕಾಯುತ್ತಾ ಇತ್ತು. ಪೊದೆಗಳು ಬಂದವು, ಗೋದಾಮಿನ ಗೋಡೆ ಬಂತು. ಕಾರು ನಿಧಾನವಾಗಲಿಲ್ಲ.

"ಮೇಷ್ಟ್ರೇ?" ಎಂದಳು.

ಅವರು ಹಲ್ಲು ಕಚ್ಚಿಕೊಂಡಿದ್ದರು.

"ಮೇಷ್ಟ್ರೇ!" ಎಂದು ಕಿರುಚಿ ಅವಳು ಪೆಡಲನ್ನು ತುಳಿದಳು. ಟೈರುಗಳು ಕಿರ್ರೆಂದವು. ಕಾರು ಬಿಳಿ ಗೆರೆ ದಾಟಿ, ಹಳಿ ಇನ್ನೂ ಸ್ವಲ್ಪ ದೂರವಿರುವಾಗ, ಕುಲುಕಿ ನಿಂತಿತು, ಎಂಜಿನ್ ಆಫ್ ಆಯಿತು.

ಆಮೇಲೆ ಅವಳು ಪಕ್ಕಕ್ಕೆ ತಿರುಗಿ ಅವರ ಮಡಚಿದ ಕಾಲುಗಳನ್ನು ನೋಡಿದಳು. ಪೆಡಲಿನ ಪಕ್ಕ ಬಿದ್ದಿದ್ದ ಚಪ್ಪಲಿ ನೋಡಿದಳು. ಮತ್ತೆ ಕಾಲು ನೋಡಿದಳು. ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಂಡವಳಲ್ಲ.

"ಮುಂಚೆ ಇಲ್ಲಿ ನಿಲ್ಲಿಸ್ತಿದ್ದಿದ್ದು ನೀವಾ?"

"ಹೂಂ."

"ಪ್ರತೀ ಸಲಾನೂ?"

"ಪ್ರತೀ ಸಲಾನೂ, ಮಗಳೇ."

"ಮತ್ತೆ ನನಗೆ ಶಭಾಷ್ ಅಂತಿದ್ರಲ್ಲ."

ಮೇಷ್ಟ್ರ ಕಣ್ಣು ತುಂಬಿ ಬಂತು. "ಹೆದರಿಕೆ ಆಗ್ತಿತ್ತು," ಎಂದರು. "ನನ್ನ ಹೆದರಿಕೆ ನನಗೆ. ನಿನ್ನ ಕಾಲು ಏನೂ ಮರೆತಿರ್ಲಿಲ್ಲ ಕಂದಾ, ಅದಕ್ಕೆ ನಾನು ಕಲಿಸೇ ಇರ್ಲಿಲ್ಲ. ಆಸ್ಪತ್ರೇಲೇ ಹೇಳ್ಬೇಕಿತ್ತು."

ಅಷ್ಟರಲ್ಲಿ ದೂರದಲ್ಲಿ ರೈಲಿನ ಸೀಟಿ ಕೇಳಿಸಿತು. ಅವಳು ಹ್ಯಾಂಡ್‌ಬ್ರೇಕ್ ಎಳೆದು ಕೈಕಟ್ಟಿ ಕುಳಿತಳು. ಸದ್ದು ಬೆಳೆಯಿತು, ಗೋಡೆಯ ಮರೆಯಿಂದ ಎಂಜಿನ್ ಧುತ್ತೆಂದು ಬಂತು, ಕಾರಿನ ಮೈಯೆಲ್ಲ ನಡುಗಿತು. ಬೋಗಿಯ ಹಿಂದೆ ಬೋಗಿ ಹಾದುಹೋಗುತ್ತಿದ್ದಷ್ಟು ಹೊತ್ತೂ ಅವಳು ಏನೋ ಕೂಗುತ್ತಿದ್ದಳು. ಬಾಯಿ ಆಡುವುದು ಕಾಣಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ರೈಲು ಹೋದ ಮೇಲೆ ಅವಳು ಮುಖ ಒರೆಸಿಕೊಂಡಳು.

"ಒಂದು ವರ್ಷ ಮೇಷ್ಟ್ರೇ," ಎಂದಳು. ದನಿ ಒಡೆದಿತ್ತು. "ಒಂದು ವರ್ಷದಿಂದ ಈ ಕಾಲನ್ನ ಬೈದುಕೊಂಡು ಬದುಕಿದ್ದೀನಿ. ಅಪ್ಪ ನನ್ನ ಮುಖ ನೋಡದೆ ಊಟ ಮಾಡಿದ್ದಾರೆ."

ಅವಳು ಪಕ್ಕದ ಬಾಗಿಲಿನ ಕಡೆ ಕೈ ತೋರಿಸಿದಳು.

"ಇಳೀರಿ."

"ಏನಂದೆ?"

"ಇಳೀರಿ ಅಂದೆ. ಲೈಸೆನ್ಸ್ ಇದೆ ನನಗೆ. ಅಪ್ಪಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು, ಇವತ್ತೇ."

ಮೇಷ್ಟ್ರು ಇಳಿದರು. ಬಾಗಿಲು ಹಾಕಿದ ಮೇಲೆಯೇ ಚಪ್ಪಲಿ ಒಳಗೆ ಉಳಿಯಿತೆಂದು ಗೊತ್ತಾದದ್ದು. ಕೇಳಲು ಬಾಯಿ ಬರಲಿಲ್ಲ. ಅವಳು ಕಾರನ್ನು ಹಿಂದಕ್ಕೆ ತೆಗೆದುಕೊಂಡಳು, ಗಿರಣಿಯ ತನಕವೂ. ಸ್ವಲ್ಪ ಹೊತ್ತು ಅಲ್ಲಿ ಸುಮ್ಮನೆ ನಿಂತಿತ್ತು ಕಾರು. ಹೋಗಿಬಿಡುತ್ತಾಳೆ, ಮನೆಗೆ ತಿರುಗಿಸಿಬಿಡುತ್ತಾಳೆ, ಇನ್ನು ಜನ್ಮದಲ್ಲಿ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದುಕೊಂಡರು ಮೇಷ್ಟ್ರು. ಕಾರು ಮುಂದಕ್ಕೆ ಹೊರಟಿತು.

ಇಳಿಜಾರಿಗೆ ಬಂತು. ಪೊದೆ, ಗೋಡೆ. ಮೇಷ್ಟ್ರು ರಸ್ತೆ ಬದಿಯ ಜಲ್ಲಿಯಲ್ಲಿ ನಿಂತು ನೋಡುತ್ತಿದ್ದರು. ಅವರ ಎದುರಿಗೇ, ಬಿಳಿ ಗೆರೆಯ ಹತ್ತಿರ, ಕಾರು ನಿಧಾನವಾಗಿ ನಿಂತಿತು. ಗಾಜುಗಳು ಇಳಿದವು. ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಮತ್ತೆ ಆ ಕಡೆ ನೋಡುವಾಗ ಕಣ್ಣು ಅವರ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ಕಾರು ಹಳಿಯ ಮೇಲೆ ಗಡಗಡ ಎಂದು ದಾಟಿ ಆಚೆಯ ಏರು ಹತ್ತಿತು.

ಸದ್ದು ಅಡಗಿದ ಮೇಲೆ ಮೇಷ್ಟ್ರು ಕೆಳಗೆ ನೋಡಿಕೊಂಡರು. ಬರಿಯ ಬಲಗಾಲು ಜಲ್ಲಿಯೊಳಗೆ ಬೆರಳು ಮುಚ್ಚುವಷ್ಟು ಒತ್ತಿ ಕೂತಿತ್ತು. ಅದನ್ನು ಮೆಲ್ಲಗೆ ಎತ್ತಿದರು. ಅಂಗಾಲಿಗೆ ಅಂಟಿದ್ದ ಕಲ್ಲುಗಳನ್ನು ಕೊಡವಿಕೊಂಡು ದರ್ಜಿ ಅಂಗಡಿಯ ಕಡೆ ನಡೆಯತೊಡಗಿದರು.