ಕತ್ತರಿ ಕೊಡುವ ಕೈ

ದಿಲ್ಶಾದ್ ಬೇಗಂ ಸೀರೆಗೆ ಫಾಲ್ ಹಚ್ಚುತ್ತಾ ಅರ್ಧಕ್ಕೆ ಬಂದಿದ್ದಳು. ಸೀರೆ ವಕೀಲೆ ಮೀನಾ ಅವರದು. ಮೂಲೆಯಲ್ಲಿ ಹೊಲಿಗೆ ಕಲಿಯಲು ಬರುವ ರುಕ್ಸಾನ ಅಂಗಿಗೆ ಗುಂಡಿ ತೂರುವ ಕಾಜಾ ಹಾಕುತ್ತಿದ್ದಳು. ಗೋಡೆಯ ಮೊಳೆಯಲ್ಲಿ ಹೊಸದಾಗಿ ವಕೀಲೆಯಾದ ಮಗಳು ಅಕ್ಸಾಳ ಕರಿಕೋಟು. ಸೋಮವಾರದಿಂದ ಅದು ಕೆಳಗಿಳಿದಿಲ್ಲ.

ಯಾಕೆಂದು ದಿಲ್ಶಾದಳಿಗೆ ತಿಳಿಯುತ್ತಿಲ್ಲ. ಕೇಳಿದರೆ, "ನಂಗೆ ಈ ಕೆಲಸ ಬರಲ್ಲ ಅಮ್ಮಿ, ಬಿಟ್ಬಿಡ್ತೀನಿ" ಅನ್ನುತ್ತಾಳೆ. ಓದು ಬಂತು, ಪರೀಕ್ಷೆ ಬಂತು. ಕೆಲಸ ಮಾತ್ರ ಬರಲ್ಲ ಅಂದರೆ ಏನರ್ಥ?

ಹೋದ ವರ್ಷ ಮೀನಾ ತಾವಾಗಿಯೇ ಅಕ್ಸಾಳನ್ನು ಜೂನಿಯರ್ ಆಗಿ ಕರೆದಿದ್ದರು. ಬೇಡ ಅಂದವಳು ದಿಲ್ಶಾದಳೇ. ಚಿಕ್ಕನಾಯಕನಹಳ್ಳಿ ಕೋರ್ಟಿನ ಮುಂದೆ ಜೂನಿಯರುಗಳು ಫೈಲು ಹೊತ್ತು ಹಿರಿಯರ ಹಿಂದೆ ಓಡುವುದನ್ನು ಅವಳು ಕಂಡಿದ್ದಳು.

ಸೀರೆಗೆಂದು ಬಂದ ಮೀನಾ ಅಕ್ಸಾ ಎಲ್ಲಿ ಅಂದರು. ದಿಲ್ಶಾದ್ ಒಳಕೋಣೆಯತ್ತ ಕೈ ತೋರಿಸಿ, ಕೋಟು ಮುಟ್ಟಿಯೇ ಇಲ್ಲ ಅಂದಳು. ಆಗ ಕೋರ್ಟಿನಲ್ಲಿ ನಡೆದದ್ದನ್ನು ಮೀನಾ ಅವರೇ ಹೇಳಿದರು.

ಕಂದಿಕೆರೆಯ ಪುಟ್ಟಗಂಗಮ್ಮ ಅಕ್ಸಾಳ ಕಕ್ಷಿದಾರಳು. ಅವಳ ಮನೆ ಪಾಲಾದಾಗ ನೆಲ ತಮ್ಮನಿಗೆ ಹೋಯಿತು, ಬದುವಿನ ತೆಂಗಿನ ಮರಗಳು ಅವಳಿಗೆ ಬಂದವು. ಈಗ ತಮ್ಮ ಆ ಮರಗಳ ಕಾಯನ್ನೂ ಕೆಡವಿಸುತ್ತಿದ್ದಾನೆ. ತಡೆಯಾಜ್ಞೆ ಕೇಳಿ ಅಕ್ಸಾ ಒಬ್ಬಳೇ ದಾವೆ ಹಾಕಿದಳು. ನೆಲದ ಸರ್ವೆ ನಂಬರು, ನಾಲ್ಕು ಕಡೆಯ ಚಕ್ಕುಬಂದಿ ಎಲ್ಲ ಬರೆದಳು. ಮರಗಳನ್ನು ಬೇರೆಯಾಗಿ ಬರೆಯಲಿಲ್ಲ. ನೆಲ ತಮ್ಮನದೇ ಅಲ್ಲವೇ ಎಂದು ಎದುರು ವಕೀಲರು ನಕ್ಕರು. ಸೋಮವಾರ ತಡೆಯಾಜ್ಞೆ ಸಿಗಲಿಲ್ಲ.

"ಈ ಸೀಮೇಲಿ ನೆಲ ಒಬ್ಬರದು, ಮರ ಇನ್ನೊಬ್ಬರದು ಆಗಿರುತ್ತೆ. ಅದನ್ನ ಕಾಲೇಜಲ್ಲಿ ಹೇಳಲ್ಲ ಕಣ್ರೀ ದಿಲ್ಶಾದಕ್ಕ. ನಂಗೆ ಹೇಳಿಕೊಟ್ಟಿದ್ದು ತಿಪಟೂರಿನ ನಮ್ಮ ಸೀನಿಯರ್ರು."

ಇನ್ನೂ ಕೆಟ್ಟಿಲ್ಲ, ಮತ್ತೆ ಕಾಯಿ ಕೆಡವುವ ಮೊದಲು ದಾವೆಗೆ ಮರಗಳನ್ನು ಸೇರಿಸಲು ತಿದ್ದುಪಡಿ ಅರ್ಜಿ ಹಾಕಬಹುದು, ಈಗಲಾದರೂ ಅಕ್ಸಾಳನ್ನು ನನ್ನ ಹತ್ತಿರ ಕಳಿಸಿ ಎಂದರು. ದಿಲ್ಶಾದಳಿಗೆ ಮಗಳ ಮೇಲೆ ಕನಿಕರ ಬಂತೋ, ತನ್ನ ಮೇಲೆ ಸಿಟ್ಟು ಬಂತೋ ಗೊತ್ತಾಗಲಿಲ್ಲ.

"ನಿಮ್ಮ ಫೈಲು ಹೊರೋಕೆ ಓದಿಸಿದ್ವಾ ಮೇಡಂ?" ಅಂದುಬಿಟ್ಟಳು.

"ರುಕ್ಸಾನ ಬಂದ ದಿನವೇ ಕೈಗೆ ಕತ್ತರಿ ಕೊಟ್ರಾ?" ಮೀನಾ ಕೇಳಿದರು.

"ಇಲ್ಲ. ಮೊದಲು ಕಾಜಾ ಕಲೀಬೇಕು."

ರುಕ್ಸಾನ ತಲೆ ಎತ್ತದೆ ಅಂದಳು: "ರಂಜಾನ್ ಮೇಲೆ ರಂಜಾನ್ ಬಂತು ಮೇಡಂ. ನಂದಿನ್ನೂ ಕಾಜಾನೇ."

ಮೀನಾ ನಗಲಿಲ್ಲ. ವರ್ಷಗಟ್ಟಲೆ ಬರೀ ಫೈಲು ಹೊರಿಸುವ ಹಿರಿಯ ವಕೀಲರೂ ಇದ್ದಾರೆ ಎಂದು ಒಪ್ಪಿಕೊಂಡರು. ಅದಕ್ಕೇ ಸೇರುವ ಮೊದಲು ಕೇಳಬೇಕು: ಅರ್ಜಿ ಬರೆಯೋಕೆ ಬಿಡ್ತೀರಾ, ಜಡ್ಜ್ ಮುಂದೆ ನಿಲ್ಲೋಕೆ ಬಿಡ್ತೀರಾ? ಶನಿವಾರ ಸಂಜೆ ನಾವು ಕೆಲವು ಹಿರಿಯರು ಹೊಸಬರ ಜೊತೆ ಕೂರುತ್ತೇವೆ, ತುರುವೇಕೆರೆಯಿಂದಲೂ ಹುಡುಗಿಯರು ಬರುತ್ತಾರೆ, ಒಬ್ಬರ ಪರಿಚಯ ಇನ್ನೊಬ್ಬರಿಗಾಗುತ್ತದೆ ಎಂದರು. ಯಾರ ಆಫೀಸಿಗೂ ಸೇರದಿದ್ದರೂ ಅಲ್ಲಿಗೆ ಬರಬಹುದು.

ಅಷ್ಟರಲ್ಲಿ ಅಕ್ಸಾ ಬಾಗಿಲಿಗೆ ಬಂದು ನಿಂತಿದ್ದಳು. "ಕೇಳ್ತಿದೀನಿ ಮೇಡಂ. ಬಿಡ್ತೀರಾ?"

"ತಿದ್ದುಪಡಿ ಅರ್ಜಿ ನೀನೇ ಬರಿ. ನಾನು ನೋಡ್ತೀನಿ. ವಾದಾನೂ ನಿಂದೇ."

ಅಕ್ಸಾ ತಾಯಿಯ ಮುಖ ನೋಡಿದಳು. ದಿಲ್ಶಾದ್ ಎದ್ದು ಕರಿಕೋಟು ಇಳಿಸಿ, ಧೂಳು ಕೊಡವಿ ಮಗಳ ಕೈಗಿಟ್ಟಳು.

ಮೀನಾ, ರುಕ್ಸಾನ ಹೋದ ಮೇಲೆ ದಿಲ್ಶಾದ್ ಮತ್ತೆ ಸೂಜಿ ಹಿಡಿದಳು. ರುಕ್ಸಾನಳಿಗೆ ಇಷ್ಟು ದಿನ ಕತ್ತರಿ ಯಾಕೆ ಕೊಡಲಿಲ್ಲ? ಬಟ್ಟೆ ಕೆಡುತ್ತೆ ಅಂತಲೋ, ಗಿರಾಕಿಗಳು ಅವಳ ಹಿಂದೆ ಹೋಗ್ತಾರೆ ಅಂತಲೋ? ಸರಿಯಾಗಿ ಹೊಳೆಯಲಿಲ್ಲ. ಕತ್ತರಿಯನ್ನು ತನ್ನ ಮಷೀನಿನ ಖಾನೆಯಿಂದ ತೆಗೆದು, ನಾಳೆ ರುಕ್ಸಾನ ಕೂರುವ ಜಾಗದಲ್ಲಿಟ್ಟಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹೊಸದಾಗಿ ಕರಿಕೋಟು ಹಾಕಿದವರಿದ್ದರೆ ಹಿರಿಯ ವಕೀಲರ ಬಾಗಿಲಿಗೆ ಕಳಿಸಿ. ಕೇಳುವುದನ್ನು ಕೇಳಿಯೇ ಸೇರಲಿ. ನೀವೇ ಹಿರಿಯ ವಕೀಲರಾದರೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರನ್ನು ಹೆಸರು ಹಿಡಿದು ಕರೆಯಿರಿ. ಫೈಲು ಹೊರಲು ಕೊಟ್ಟಿದ್ದೀರಿ, ಸರಿ. ಅದನ್ನು ಬಿಚ್ಚಿ ವಾದಿಸಲೂ ಬಿಡಿ.