ಹಾಜರಿ ಗೋಡೆ

ಹಗ್ಗ ಬೆರಳನ್ನು ಕೊಯ್ಯುತ್ತಿದೆ, ಗಾಳಿ ಬಂದಾಗಲೆಲ್ಲ ಬ್ಯಾನರು ಹೊಟ್ಟೆ ಉಬ್ಬಿಸಿಕೊಂಡು ಅವಳನ್ನು ಒಂದು ಹೆಜ್ಜೆ ಮುಂದಕ್ಕೆಳೆಯುತ್ತದೆ, ಆಮೇಲೆ ಉಸಿರು ಬಿಟ್ಟು ಜೋತುಬೀಳುತ್ತದೆ — ಈ ತುದಿಗೆ ಅವಳು, ಆ ತುದಿಗೆ ಲೈಟು ಕಂಬ, ಇಬ್ಬರಿಗೂ ಬಾಯಿಲ್ಲ, ಅದಕ್ಕೇ ಇರಬೇಕು ಈ ಕೆಲಸಕ್ಕೆ ಇಬ್ಬರನ್ನೂ ಆರಿಸಿದ್ದು, ನೀನು ಹಿಡ್ಕೋಮ್ಮ, ನೀನಾದ್ರೆ ಅಲ್ಲಾಡಲ್ಲ, ಅಂದಿದ್ದರು ಸಮಿತಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ಹೊಗಳಿಕೆಯೆಂದೇ ಅಂದದ್ದು. ಡಾಕ್ಟರಮ್ಮನ ಮನೆ ಉಳಿಸಿ — ಹಿಂದೆ ನಿಂತವಳಿಗೆ ಅಕ್ಷರಗಳೆಲ್ಲ ತಿರುವುಮುರುವು, ಬಿಸಿಲು ಬಟ್ಟೆಯನ್ನು ತೂರಿ ಬಂದಾಗ ಮಾತ್ರ ಕಾಣುತ್ತವೆ, ಕಂಡು ಏನಾಗಬೇಕು ಈಗ, ರಸ್ತೆಯಾಚೆ ಗೇಟನ್ನು ಆಗಲೇ ಕಿತ್ತು ಮಲಗಿಸಿದ್ದಾರೆ, ಹಳದಿ ಯಂತ್ರ ಅಂಗಳದಲ್ಲಿ ನಿಂತು ಗುರುಗುಟ್ಟುತ್ತಿದೆ, ಅದರ ಡ್ರೈವರು ಬ್ಯಾನರನ್ನು ಒಮ್ಮೆ ಓದಿದ, ಆಕಳಿಸಿದ, ಟವಲಿನಿಂದ ಮುಖ ಒರೆಸಿಕೊಂಡ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಇವರು ಬಾಗಿಲೂ ಹಾಕಲಿಲ್ಲ, ಬಟ್ಟೆ ಕಟ್ಟಿದರು. ಬಂದವರಾದರೂ ಯಾರು, ಅಧ್ಯಕ್ಷರು, ಮೂಲೆಯ ಟೈಲರು, ಮೆಡಿಕಲ್ ಸ್ಟೋರಿನವರ ಹೆಂಡತಿ, ಅಮ್ಮ, ಮಾವ — ಅಮ್ಮನ ಅಣ್ಣ, ಬಣ್ಣದಂಗಡಿ ಮಾವ, ಅಪ್ಪ ಸತ್ತ ಮೇಲೆ ಅವಳನ್ನೂ ಅಮ್ಮನನ್ನೂ ಕರೆತಂದು ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದ ಮಾವ, ಅನ್ನ ಹಾಕಿದ ಕೈಯೂ ಅದೇ, ಬಣ್ಣ ಬಳಿದ ಕೈಯೂ ಅದೇ, ಕಚ್ಚುವುದಾದರೆ ಎಲ್ಲಿ ಕಚ್ಚಬೇಕು. ಈ ಬೀದಿಯವರೆಲ್ಲ ಹುಟ್ಟಿದ್ದು ಇಲ್ಲೇ ಕಣ್ರೀ, ಒಬ್ಬನಾದ್ರೂ ಬಂದಿದಾನಾ ನೋಡಿ, ಮಾವ ಗೊಣಗುತ್ತಿದ್ದಾನೆ, ಕೃತಜ್ಞತೆ ಅನ್ನೋದೇ ಇಲ್ಲ ಜನಕ್ಕೆ, ಟೈಲರು ಹಲ್ಲು ಕಿರಿದು, ಹುಟ್ಟೋವಾಗ ಅತ್ತಿದ್ದೇ ಸಾಕು ಅಂದ್ಕೊಂಡಿರ್ತಾರೆ ಬಿಡಿ, ಮತ್ಯಾಕೆ ಬಂದು ಅಳ್ತಾರೆ.

ಹುಟ್ಟಿದ್ದು ಇಲ್ಲೇ, ಅವಳೂ. ಮೇಲೆ ಡಾಕ್ಟರಮ್ಮನ ವಾಸ, ಕೆಳಗೆ ಹೆರಿಗೆ ಕೋಣೆ, ಕೋಣೆಯ ಮುಂದೆ ಆ ಹಜಾರ, ಹಜಾರದ ಉದ್ದಕ್ಕೂ ಗೋಡೆಗಾನಿಸಿದ ಮರದ ಬೆಂಚು — ಆ ಬೆಂಚಿನ ಮೇಲೆ ಯಾರಾದರೂ ಕೂರಲೇಬೇಕು, ಅದು ಆ ಮನೆಯ ಕಟ್ಟಪ್ಪಣೆ, ಹೆರೋ ಸಂಕಟ ಅವಳೊಬ್ಬಳಿಗೇ ಇರಲಿ, ಕಾಯೋ ಸಂಕಟ ಯಾರಾದ್ರೂ ತಗೊಳ್ಳಿ, ಬೆಂಚು ಖಾಲಿ ಇದ್ರೆ ನಾನು ಕೈ ತೊಳೆದು ಒಳಗೆ ಹೋಗಲ್ಲ, ಅನ್ನುತ್ತಿದ್ದರಂತೆ ಡಾಕ್ಟರಮ್ಮ, ಎಂಥೆಂಥ ಜೋರಿನ ಗಂಡಸರೂ ಬಂದು ತೆಪ್ಪಗೆ ಕೂತರಂತೆ. ಕೂತವರು ಕಾದು ಕಾದು ಸೋತು ತಲೆಯನ್ನು ಹಿಂದಕ್ಕೆ ಗೋಡೆಗೆ ಚೆಲ್ಲಿದ್ದಾರೆ, ತಲೆಗೆ ಹಚ್ಚಿದ ಎಣ್ಣೆ, ಬೆವರು, ಎಷ್ಟು ವರ್ಷ ಎಷ್ಟು ತಲೆ, ಸುಣ್ಣದ ಗೋಡೆಯ ಮೇಲೆ ಕೂತ ಮನುಷ್ಯನ ತಲೆಯಷ್ಟು ಎತ್ತರದಲ್ಲಿ ಸಾಲಾಗಿ ಕಂದು ಕಲೆಗಳು, ಉದ್ದನೆಯವರದು ಮೇಲೆ, ಕುಳ್ಳರದು ಕೆಳಗೆ, ಕೆಲವು ಒಂದರೊಳಗೊಂದು ಕೂಡಿಕೊಂಡು. ಚಿಕ್ಕವಳಿದ್ದಾಗ ಜ್ವರ ಬಂದ ದಿನ ಅವಳೂ ಆ ಬೆಂಚಿನ ಮೇಲೆ ಕೂತಿದ್ದಳು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಇದೇನಮ್ಮಾ ಇಷ್ಟು ಗಲೀಜು, ಅಂದಳು ಅಮ್ಮನಿಗೆ, ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ನಕ್ಕು, ಗಲೀಜಲ್ಲ ಪುಟ್ಟಿ, ಹಾಜರಿ. ಹಾಜರಿ ಎಂದರೆ ಶಾಲೆಯಲ್ಲಿ ಟೀಚರು ಕೂಗುವುದು, ಬಂದಿದ್ದೀನಿ ಅನ್ನುವುದು — ಹಾಗಾದ್ರೆ ನಮ್ಮಪ್ಪಂದು ಯಾವುದು? ಅಮ್ಮ ಅವಳ ಸ್ವೆಟರಿನ ಗುಂಡಿ ಹಾಕುತ್ತಿದ್ದವಳು, ಆ ಕೈ ನಿಂತಿತು, ಆಮೇಲೆ ಬೆರಳು ಎದ್ದಿತು, ಕಿಟಕಿ ಪಕ್ಕದ್ದು, ಕಡೇದು, ಅದು. ಡಾಕ್ಟರಮ್ಮ ಕನ್ನಡಕದ ಮೇಲಿಂದ ಅಮ್ಮನನ್ನು ನೋಡಿದರು, ತುಂಬ ಹೊತ್ತು, ಅವಳಿಗೆ ಆಗ ಅದು ಡಾಕ್ಟರರು ನೋಡುವ ನೋಟ ಅನ್ನಿಸಿತ್ತು, ಹೂಂ ಅದೇ, ಅಂದರು, ಮಾತ್ರೆ ಕೊಟ್ಟರು. ಬೆಂಚು ಹತ್ತಿ ಅಂಗೈ ಇಟ್ಟಳು, ತಣ್ಣಗಿತ್ತು, ಸ್ವಲ್ಪ ಜಿಡ್ಡು, ಅಂಗೈ ಮೂಸಿದಳು, ಅಪ್ಪನ ವಾಸನೆ ಎಂದುಕೊಂಡಳು — ಅಪ್ಪನದೆಂದು ಬೇರೆ ಏನಿತ್ತು, ಇವಳು ನಡೆಯಲು ಕಲಿಯುವ ಮೊದಲೇ ಹೋದವನು, ಮಾವನ ಮನೆಯ ಗೋಡೆಯ ಮೇಲೊಂದು ಫೋಟೋ, ಅದರಲ್ಲೂ ಪಕ್ಕಕ್ಕೆ ಯಾರನ್ನೋ ನೋಡುತ್ತಿದ್ದಾನೆ, ಯಾವ ಕಡೆ ನಿಂತರೂ ಇವಳನ್ನು ನೋಡುವುದಿಲ್ಲ. ಆ ಕಲೆ ಮಾತ್ರ ಇವಳಿಗಾಗಿ ಆದದ್ದು. ಇವಳು ಹುಟ್ಟುತ್ತಾಳೆಂದು ಕಾದು ಕೂತ ತಲೆ. ಕಾಲೇಜಿಗೆ ಹೋಗುವಾಗಲೂ ಆ ಬೀದಿಯಲ್ಲೇ ಸುತ್ತಿ ಹೋಗುತ್ತಿದ್ದಳು, ಡಾಕ್ಟರಮ್ಮ ತೀರಿಕೊಂಡು ಮನೆಗೆ ಬೀಗ ಬಿದ್ದ ಮೇಲೆ ಕಿಟಕಿಯ ಸರಳಿಗೆ ಹಣೆಯೊತ್ತಿ ಇಣುಕುತ್ತಿದ್ದಳು, ಇದೆ, ಸರಿ, ಇದೆ.

ಯಂತ್ರ ಕೊಕ್ಕೆತ್ತಿತು, ಮಹಡಿಯ ಮೂಲೆಗೆ ಮುಟ್ಟಿಸಿತು, ಮಗುವಿನ ಕೆನ್ನೆ ಮುಟ್ಟಿದಷ್ಟು ಮೆಲ್ಲಗೆ, ಒಂದು ಮೂಲೆ ಧೂಳಾಗಿ ಕೆಳಗಿಳಿಯಿತು, ಮೆಡಿಕಲ್ ಸ್ಟೋರಿನ ಹೆಂಗಸು ಅಯ್ಯೋ ಅಂದಳು, ಅಧ್ಯಕ್ಷರು ಘೋಷಣೆ ಕೂಗಲೆಂದು ಕೈಯೆತ್ತಿದರು, ಕೆಮ್ಮು ಬಂತು. ಕೈಯೆತ್ತುವುದರಲ್ಲಿ ಅವರು ಗಟ್ಟಿಗರು, ಹಿಂದೊಂದು ದಿನ ಸಮಿತಿಯ ಸಭೆಯಲ್ಲೂ ಹೀಗೇ ಕೈಯೆತ್ತಿ, ಸಂತೋಷದ ಸುದ್ದಿ, ಅಂದಿದ್ದರು, ಡಾಕ್ಟರಮ್ಮನ ಅಣ್ಣನ ಮಕ್ಕಳು ಮನೆಯನ್ನು ಬಿಲ್ಡರಿಗೆ ಮಾರಿದ್ದರೂ ಅರ್ಜಿಗೆ ಫಲ ಸಿಕ್ಕಿದೆ, ಹಳೇ ಕಟ್ಟಡಗಳನ್ನ ಕಾಪಾಡೋ ಇಲಾಖೆಯಿಂದ ಸಾಹೇಬ್ರು ನೋಡೋಕೆ ಬರ್ತಾರೆ, ಅವರು ಹೂಂ ಅಂದ್ರೆ ಆಯ್ತು, ಬಿಲ್ಡರ್ ಒಂದು ಇಟ್ಟಿಗೆ ಮುಟ್ಟೋ ಹಾಗಿಲ್ಲ. ಅರ್ಜಿ ಬರೆದವಳು ಅವಳು, ಚರಿತ್ರೆ ಓದಿದ್ದಾಳಲ್ಲ ಬರೀಲಿ ಬಿಡಿ ಎಂದು ಒಪ್ಪಿಸಿದ್ದರು, ಹಾಜರಿ ಗೋಡೆಯ ಬಗ್ಗೆ ಬರೆದದ್ದನ್ನು ಮಾತ್ರ ಅಧ್ಯಕ್ಷರು ಹೊಡೆದು ಹಾಕಿದ್ದರು, ಎಣ್ಣೆ ಜಿಡ್ಡು ಅಂತೆಲ್ಲ ಯಾಕಮ್ಮ, ಇಲಾಖೆಗೆ ಹೋಗೋ ಕಾಗದ. ಆಗ ಮಾವ ಎದ್ದು ನಿಂತ, ಸಾಹೇಬ್ರು ಬರ್ತಾರೆ ಅಂದ್ರೆ ಮನೆ ಹೀಗಿದ್ರೆ ಹೇಗೆ ಸ್ವಾಮಿ, ನೆಂಟರು ಬರ್ತಾರೆ ಅಂದ್ರೆ ಕಸ ಗುಡಿಸ್ತೀವೋ ಇಲ್ವೋ, ನಂದೊಂದು ಅಳಿಲು ಸೇವೆ, ಇಡೀ ಮನೆಗೆ ಬಣ್ಣ ನಾನು ಕೊಡ್ತೀನಿ. ಚಪ್ಪಾಳೆ. ಅವಳು ಎದ್ದು ನಿಂತಳು, ಎದ್ದು ನಿಂತದ್ದೇ ದೊಡ್ಡದು, ಬೇಡ, ಹಳೇದನ್ನ ಹಾಗೇ ಬಿಡಬೇಕು, ಅವರು ನೋಡೋದೇ ಅದನ್ನ — ಏನಮ್ಮ, ಜೋರಾಗಿ ಹೇಳು, ಅಷ್ಟರಲ್ಲಿ ಟೀ ಬಂತು, ಲೋಟಗಳು ಕೈಯಿಂದ ಕೈಗೆ ದಾಟಿದವು, ಅವಳ ಕೈಗೂ ಒಂದು ಬಂತು, ಮತ್ತೆ ಹೇಳಿದಳು, ಈ ಸಲ ಜೋರಾಗಿಯೇ, ಮಾವ ಅವಳ ತಲೆ ಸವರಿ ಎಲ್ಲರಿಗೂ ಕೇಳುವಂತೆ, ನಮ್ಮ ಪುಟ್ಟೀದು ಪುಸ್ತಕದ ಜ್ಞಾನ ಕಣ್ರಯ್ಯ, ಕೊಳೆಗೂ ಒಂದು ಚರಿತ್ರೆ ಅಂತಾಳೆ, ಎಲ್ಲರೂ ನಕ್ಕರು, ಪ್ರೀತಿಯಿಂದಲೇ ನಕ್ಕರು, ಅದೇ ಕಷ್ಟ, ಪ್ರೀತಿಯಿಂದ ನಕ್ಕವರ ಮೇಲೆ ಸಿಟ್ಟು ಮಾಡುವುದು ಹೇಗೆ. ಬಾಯಿದ್ದವನು ಬದುಕಿದ ಅನ್ನುತ್ತಾರೆ, ಬಾಯಿಬಿಟ್ಟರೂ ಕೇಳಿಸದವಳಿಗೆ ಗಾದೆ ಇಲ್ಲ.

ಆಮೇಲೆ ಆ ಭಾನುವಾರ — ಇಲಾಖೆಯ ಕಾಗದ ತೋರಿಸಿ ಬೀಗ ತೆಗೆಸಿ ಇಡೀ ಬೀದಿಯೇ ಒಳಗೆ ನುಗ್ಗಿತು, ಇವತ್ತು ಬಾರದ ಜನ ಅವತ್ತು ಎಷ್ಟಿದ್ದರು, ಪೊರಕೆ, ಬಕೆಟ್ಟು, ಮರಳು ಕಾಗದ, ನಗು, ಹಾಡು, ಕಾಲು ತುಳಿದು ತುಳಿದು ಸವೆದು ಬಟ್ಟಲಿನಂತಾಗಿದ್ದ ಹೊಸ್ತಿಲ ಕಲ್ಲಿಗೆ ಸಿಮೆಂಟು ತುಂಬಿ ಸಪಾಟು ಮಾಡಿದರು, ಸಾಹೇಬ್ರು ಎಡವಬಾರದು, ಬಾಗಿಲುಗಳಿಗೆ ಮುಖ ಕಾಣುವಷ್ಟು ಹೊಳೆಯುವ ಬಣ್ಣ, ಗೋಡೆಗೆ ಗುಲಾಬಿ, ಮಾವನ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಗುಲಾಬಿ, ಮಗುವಿನ ಒಸಡಿನ ಬಣ್ಣ. ಅಮ್ಮ, ಅಮ್ಮನೇ, ಬೆಂಚಿನ ಹಿಂದಿನ ಕಲೆಗಳನ್ನು ಸೋಪು ನೀರಿನಿಂದ ತಿಕ್ಕುತ್ತಿದ್ದಳು, ಕಿಟಕಿಯ ಕಡೆಯಿಂದ ಶುರುಮಾಡಿ, ಹೋಗ್ತಿಲ್ಲ ಕಣೋ ಅಣ್ಣ, ಮಾವ ಬೆಂಚಿನ ತುದಿಯಲ್ಲಿ ಒಂದು ಗಳಿಗೆ ಕೂತು ಸೊಂಟ ಹಿಡಿದುಕೊಂಡು, ಅಬ್ಬ, ಈ ಬೆಂಚು ಅವತ್ತು ನನ್ನ ಬೆನ್ನು ಮುರಿದಿತ್ತು, ಅಂದ, ಪೇಂಟರನ್ನು ಕೂಗಿದ, ಬಾರಯ್ಯ, ಇದರ ಮೇಲೆ ಎರಡು ಕೋಟು ಹೊಡಿ. ಅವತ್ತು ಅಂದರೆ ಯಾವತ್ತು ಎಂದು ಅವಳು ಕೇಳಲಿಲ್ಲ, ಅವಳ ಕಣ್ಣು ಬ್ರಶ್ಶಿನ ಮೇಲಿತ್ತು, ಬ್ರಶ್ಶು ಸಾಲು ಹಿಡಿದು ಒಂದೊಂದೇ ತಲೆಯನ್ನು ಗೈರುಹಾಜರು ಮಾಡುತ್ತ ಕಿಟಕಿಯ ಕಡೆಗೆ ಬಂತು. ಸಾಹೇಬರು ಬಂದರು, ಚಿಕ್ಕ ವಯಸ್ಸು, ಸಭ್ಯ ಮನುಷ್ಯ, ಬಾಗಿಲಲ್ಲೇ ಬಣ್ಣದ ವಾಸನೆಗೆ ಮೂಗು ಮುಚ್ಚಿದರು, ಗೋಡೆ ಬಡಿದು ನೋಡಿದರು, ಹೊಸ್ತಿಲಲ್ಲಿ ಕೂತು ಸಿಮೆಂಟನ್ನು ಉಗುರಿನಿಂದ ಕೆರೆದರು, ಇದರಲ್ಲಿ ಹಳೇದು ಯಾವುದು ತೋರಿಸಿ, ಅಧ್ಯಕ್ಷರು ಉಬ್ಬಿಹೋಗಿ, ಎಲ್ಲಾ ಹಳೇದೇ ಸಾರ್, ನಾವೇ ಹೊಸದು ಮಾಡಿಸಿದ್ವಿ. ಆಗಲೂ ಮಾತಾಡಿದ್ದಳು, ಹೌದು, ಆಗಲೂ, ಎಲ್ಲರನ್ನೂ ಸರಿಸಿ ಮುಂದೆ ಬಂದು ಬೆಂಚಿನ ಹಿಂದೆ ಕೈಮಾಡಿ, ಇಲ್ಲಿ ಕಲೆಗಳಿದ್ವು ಸಾರ್, ಕಾಯ್ತಾ ಕೂತವರ ತಲೆಗಳದ್ದು, ಸಾಹೇಬರ ಕಣ್ಣರಳಿತು, ಎಲ್ಲಿ? ಗುಲಾಬಿ. ಬರೀ ಗುಲಾಬಿ. ಮಾವ ಹಿಂದಿನಿಂದ, ಅದನ್ನೇ ಅಲ್ವಾ ಸಾರ್ ನಾವು ಕ್ಲೀನ್ ಮಾಡಿಸಿದ್ದು! ಸಾಹೇಬರು ಅವಳನ್ನು ನೋಡಿದರು, ಅಯ್ಯೋ ಪಾಪ ಅನ್ನುವ ಹಾಗೆ, ಹೆಣದ ಮನೆಯಲ್ಲಿ ನೋಡುವ ಹಾಗೆ, ಇಷ್ಟು ದಿನ ಯಾರೂ ಮುಟ್ಟದೆ ಉಳಿದಿತ್ತು, ನೀವು ಉಳಿಸೋಕೆ ಹೋಗಿ, ಅಂದು ಮಾತು ನುಂಗಿಕೊಂಡರು. ಉತ್ತರ ಬಂತು, ಕಟ್ಟಡದಲ್ಲಿ ಸಂರಕ್ಷಿಸುವಂಥ ಹಳೆಯ ಅಂಶಗಳು ಉಳಿದಿಲ್ಲ, ಬಿಲ್ಡರು ಸಮಿತಿಯವರಿಗೆ ಒಂದು ಡಬ್ಬ ಸ್ವೀಟು ಕಳಿಸಿದ, ತಮಾಷೆಗೋ ನಿಜಕ್ಕೋ, ಅಧ್ಯಕ್ಷರು ಒಂದು ತಿಂದೂಬಿಟ್ಟರು.

ಮಹಡಿ ಮುಗಿಯಿತು, ಧೂಳು ರಸ್ತೆ ದಾಟಿ ಬಂದು ನಾಲಿಗೆಯ ಮೇಲೆ ಕೂತಿದೆ, ಸುಣ್ಣದ ರುಚಿ, ಅಮ್ಮ ಪಕ್ಕದಲ್ಲೇ ಇದ್ದಾಳೆ, ನೀರಿನ ಬಾಟಲಿ ಹಿಡಿದು, ಕುಡಿ ಅಂತಾಳೆ, ಅವಳಿಗೆ ಬೇಡ, ಉತ್ತರ ಬಂದ ದಿನದಿಂದ ಅಮ್ಮ ಕೊಟ್ಟದ್ದನ್ನು ನೇರವಾಗಿ ತೆಗೆದುಕೊಳ್ಳಲು ಆಗುತ್ತಿಲ್ಲ. ಅವತ್ತು ಅಡುಗೆಮನೆಯಲ್ಲಿ ಕಿರುಚಿದ್ದಳು, ಜೀವಮಾನದಲ್ಲಿ ಮೊದಲ ಸಲ, ಅಪ್ಪಂದು ಅಂತ ಒಂದೇ ಒಂದು ಗುರುತಿತ್ತು, ಅದನ್ನೂ ನಿಮ್ಮಣ್ಣ ಅಳಿಸಿದ, ನೀನೂ ತಿಕ್ಕಿದೆ, ನೀನೂ! ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಲಿಲ್ಲ, ತಿರುಗಲೂ ಇಲ್ಲ, ನಿಮ್ಮಪ್ಪ ಬಂದಿರಲಿಲ್ಲ ಕಣೇ. ನೀರು ಸುರಿಯುತ್ತಲೇ ಇತ್ತು. ಗಂಡೋ ಹೆಣ್ಣೋ ಆದ್ಮೇಲೆ ಹೇಳಿಕಳಿಸಿ ಅಂದಿದ್ರು, ಹೇಳಿಕಳಿಸಿದ್ವಿ, ಹೆಣ್ಣು ಅಂತ, ಬಂದಿದ್ದು ನೀನು ಹೊಟ್ಟೆ ಮೇಲೆ ಮಗುಚಿಕೊಳ್ಳೋ ಹೊತ್ತಿಗೆ — ಬೆಂಚು ಖಾಲಿ ಅಂತ ಡಾಕ್ಟರಮ್ಮ ಬೈತಿದ್ರು, ನಿಮ್ಮ ಮಾವ ಅಂಗಡಿ ಮುಚ್ಚಿ ಓಡಿ ಬಂದು ಕೂತ, ನೀನು ಅಳೋ ತನಕ ಎದ್ದಿಲ್ಲ, ನೀರೂ ಕುಡೀಲಿಲ್ಲವಂತೆ. ಮತ್ತೆ ನನಗ್ಯಾಕೆ ಹಾಗೆ ತೋರಿಸಿದೆ? ನೀನು ಕೇಳ್ದೆ, ತೋರಿಸ್ದೆ, ಮಗು ಮುಖ ನೋಡ್ಕೊಂಡು ಯಾರೂ ಬಂದಿರಲಿಲ್ಲ ಅನ್ನೋಕಾಗುತ್ತಾ, ಕಿಟಕಿ ಪಕ್ಕದ್ದು ನಿಮ್ಮ ಮಾವಂದೇ, ಅವನಿಗೂ ಗೊತ್ತಿಲ್ಲ ಅದು ಅವನ್ದು ಅಂತ, ತನ್ನ ತಲೆ ಕಲೆ ಯಾರಿಗೆ ಕಾಣುತ್ತೆ. ಅಂದರೆ ಅಂಗೈಯಿಟ್ಟು ಮೂಸಿದ್ದು ಮಾವನನ್ನು, ಇಷ್ಟು ವರ್ಷ ಕಿಟಕಿಯಲ್ಲಿ ಇಣುಕಿ ಇದೆ ಇದೆ ಎಂದುಕೊಂಡದ್ದು ದಿನವೂ ಊಟಕ್ಕೆ ಎದುರು ಕೂರುವವನನ್ನು, ಅಪ್ಪನನ್ನು ಅಳಿಸಿದ ಎಂದು ಮನಸ್ಸಿನಲ್ಲೇ ಶಾಪ ಹಾಕಿದ್ದು ಯಾರಿಗೆ, ಅವನು ಅಳಿಸಿದ್ದು ಯಾರನ್ನು, ಸಿಟ್ಟಾದರೂ ಚೊಕ್ಕವಾಗಿ ಉಳಿಯಬಾರದಿತ್ತೇ, ಅದಕ್ಕೂ ಒಂದು ಕೋಟು ಬಳಿದುಬಿಟ್ಟಳು ಅಮ್ಮ. ಅವನಿಗೆ ಹೇಳಲೇ, ಈಗ, ಮಾವಾ ನೀನೇ ಅಲ್ಲಿದ್ದವನು — ಅವನು ಆ ತುದಿಯಲ್ಲೇ ಇದ್ದಾನೆ, ಬ್ಯಾನರು ಕಟ್ಟಿದ ಕಂಬಕ್ಕೆ ಒರಗಿಕೊಂಡು, ಕೂದಲು ಉದುರಿದ ನೆತ್ತಿಯನ್ನು ಕಂಬಕ್ಕೆ ಚೆಲ್ಲಿ, ಬೆನ್ನು ನೋವಿನವನು, ಎಷ್ಟು ಬಣ್ಣ ದಂಡ ಆಯ್ತಲ್ಲೋ ದೇವರೇ ಎನ್ನುತ್ತಿದ್ದಾನೆ, ಬಣ್ಣದ ಬಗ್ಗೆ. ಮುಂಗೋಡೆ ನಿಧಾನ ಬಾಗಿತು, ಮಂಡಿಯೂರಿದ ಹಾಗೆ ಕುಸಿಯಿತು, ಹಜಾರದೊಳಕ್ಕೆ ಹಿಂದೆಂದೂ ನುಗ್ಗದ ಬಿಸಿಲು ನುಗ್ಗಿತು, ಬೆಂಚಿಲ್ಲ, ಯಾರೋ ಹೊತ್ತೊಯ್ದಿದ್ದಾರೆ, ಗೋಡೆ ಇದೆ, ಗುಲಾಬಿ ಗೋಡೆ — ಗುಲಾಬಿಯಲ್ಲ — ಗುಲಾಬಿಯನ್ನು ಒಳಗಿನಿಂದ ನೆನೆಸಿಕೊಂಡು, ಎರಡು ಕೋಟನ್ನೂ ತೂರಿಕೊಂಡು, ಎಣ್ಣೆ ಮೇಲೆದ್ದು ಬಂದಿದೆ, ಒಂದರ ಪಕ್ಕ ಒಂದು, ಉದ್ದನೆಯವರದು ಮೇಲೆ, ಕುಳ್ಳರದು ಕೆಳಗೆ, ಎಲ್ಲರೂ. ನೋಡಿದ್ರಾ, ಆ ಪೇಂಟರ್ ಕತ್ತೆ ಎಂಥಾ ಕೆಲಸ ಮಾಡಿದಾನೆ, ಮಾವ ಕಂಬದಿಂದ ತಲೆಯೆತ್ತಿದ, ಇನ್ನೊಂದು ಕೋಟು ಹೊಡೆಸಬೇಕಿತ್ತು. ಅವಳು ಬಾಯಿ ತೆರೆದಳು. ಯಂತ್ರ ತಿರುಗಿತು. ಅಮ್ಮನ ಕೈಯಲ್ಲಿ ಬಾಟಲಿ ನಿಂತಿದೆ, ಕೊಕ್ಕು ಎತ್ತರದಲ್ಲಿ ನಿಂತಿದೆ, ಹಗ್ಗ ಬೆರಳಲ್ಲಿ — ಕಿಟಕಿ ಇದ್ದ ಜಾಗದ ಪಕ್ಕ, ಸಾಲಿನ ಕಡೆಯಲ್ಲಿ, ಕೂತ ಮನುಷ್ಯನ ತಲೆಯಷ್ಟು ಎತ್ತರದಲ್ಲಿ, ಒಂದು ಕಂದು ಕಲೆ, ಬಿಸಿಲಲ್ಲಿ ಜಿಡ್ಡು ಮಿನುಗುತ್ತ, ಬಂದಿದ್ದೀನಿ ಅನ್ನುತ್ತ, ಒಂದು ತಲೆಯಷ್ಟು ಕಲೆ