ತಂಪಣ್ಣ ಬಿಚ್ಚಿದ ಕೂಲರ್

ಮೂವತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವನಿಗೆ ಬೀದಿಯವರು ತಂಪಣ್ಣ ಅಂತ ಹೆಸರಿಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾದದ್ದು, ಜಗತ್ತಿನಲ್ಲಿ ಬಿಸಿಯಾಗುವುದನ್ನೆಲ್ಲ ತಣ್ಣಗೆ ಮಾಡಬಲ್ಲೆ ಎಂದು ಅವನೂ ನಂಬಿಬಿಟ್ಟದ್ದು.

ಅವನ ಮಗಳು ನಕ್ಷೆ ನೋಡಿಕೊಂಡು, ಇನ್ನೂ ಕಟ್ಟದ ಕಟ್ಟಡದೊಳಗೆ ಓಡಾಡಿದಂತೆ ಕಾಣುವ ಚಿತ್ರ ಮಾಡುವವಳು. ಇಷ್ಟು ದಿನ ಚಿಲ್ಲರೆ ಕೆಲಸಗಳು. ಈಗ ಒಂದು ದೊಡ್ಡ ಆಸ್ಪತ್ರೆ ಕಟ್ಟುವವರು ಕರೆದಿದ್ದರು. ಶುಕ್ರವಾರ ಬೆಳಿಗ್ಗೆ ಐದು ನಿಮಿಷದ ಚಿತ್ರ ತೋರಿಸಬೇಕು, ಮೆಚ್ಚಿದರೆ ವರ್ಷವಿಡೀ ಕೆಲಸ. ಆದರೆ ಅವಳ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದೊಂದು ದೃಶ್ಯಕ್ಕೂ ಏದುಸಿರು ಬಿಡುತ್ತಿತ್ತು. ವೇಗ ಏರಿಸೋಣವೆಂದರೆ ಕಾದು ಕೆಂಡವಾಗುತ್ತಿತ್ತು.

"ಕಂಪನಿಯವರು ಕಾರ್ಡಿಗೆ ಕೊಟ್ಟಿರೋ ಕೂಲರ್ ಸಾಲ್ತಿಲ್ಲಪ್ಪ. ದೊಡ್ಡದು ತರಿಸಿದೀನಿ, ಆದ್ರೆ ಬಿಚ್ಚೋಕೆ ಭಯ," ಎಂದಳು.

"ತಣ್ಣಗಿಡೋ ಕೆಲಸಕ್ಕೆ ನಮ್ಮನೇಲಿ ಭಯ ಅಂದ್ರೆ ಜನ ನಗ್ತಾರೆ ಕಣಮ್ಮ. ಸರಿ ಆಚೆ," ಎಂದು ತಂಪಣ್ಣ ತೋಳು ಮಡಚಿದ.

ಒಂದು ತಿರುಪಿನ ಮೇಲೆ, ಬಿಚ್ಚಿದರೆ ಗ್ಯಾರಂಟಿ ಇಲ್ಲ ಎಂಬ ಪುಟ್ಟ ಚೀಟಿ ಅಂಟಿತ್ತು. ಅದನ್ನು ಉಗುರಿನಲ್ಲೇ ಕೆರೆದು ಹಾಕಿದ. ಹಳೇ ಕೂಲರ್ ಎತ್ತಿ ನೋಡಿದರೆ ನಡುವೆ ಒಂದು ದೊಡ್ಡ ಚಿಪ್, ಸುತ್ತ ಎಂಟು ಸಣ್ಣವು, ಆ ಸಣ್ಣವುಗಳ ಮೇಲೆ ಬೂದು ಬಣ್ಣದ ಮೆತ್ತನೆಯ ಪಟ್ಟಿಗಳು. ಫ್ರಿಜ್ ಕಸುಬಿನಲ್ಲಿ ಒಂದು ನೇಮವಿದೆ. ಬಿಚ್ಚಿದ ಮೇಲೆ ಹಳೇ ರಬ್ಬರ್ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕುವವನು ಮೇಸ್ತ್ರಿಯೇ ಅಲ್ಲ. ತಂಪಣ್ಣ ಎಂಟನ್ನೂ ಕಿತ್ತು, ನೆಲ ಕೊಳಕಾದರೆ ಹೆಂಡತಿ ಸುಮ್ಮನಿರುವವಳಲ್ಲವೆಂದು ಅಂಗಿಯ ಜೇಬಿಗೆ ತುರುಕಿದ. ಹೊಸ ಪೆಟ್ಟಿಗೆಯಲ್ಲಿ ಬದಲಿ ಪಟ್ಟಿ ಇರಲಿಲ್ಲ. ಬೇಕಿದ್ದರೆ ಕೊಡದೇ ಇರುತ್ತಿದ್ದರೇ ಎಂದುಕೊಂಡು, ನಡುವಿನ ಚಿಪ್‌ಗೆ ಬಿಸಿ ಎಳೆಯುವ ಪೇಸ್ಟ್ ಹಚ್ಚಿ ಹೊಸ ಕೂಲರನ್ನು ಕೂರಿಸಿಯೇಬಿಟ್ಟ.

ಪರದೆಯ ಮೂಲೆಯಲ್ಲಿ ಎಂಬತ್ತೆರಡು ಡಿಗ್ರಿ ಇದ್ದದ್ದು ಐವತ್ತೈದಕ್ಕೆ ಇಳಿಯಿತು.

"ಅಪ್ಪ, ಇದರಲ್ಲಿ ನೀನು ಎತ್ತಿದ ಕೈ ಬಿಡು," ಎಂದ ಮಗಳು ಧೈರ್ಯವಾಗಿ ವೇಗ ಏರಿಸಿದಳು. ಆ ಐವತ್ತೈದು ನಡುವಿನ ಚಿಪ್‌ನ ಲೆಕ್ಕ ಮಾತ್ರ, ಸಣ್ಣವುಗಳ ಬಿಸಿಯನ್ನು ಅದು ಹೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅದೇ ದಿನ, ಬುಧವಾರ ಮಧ್ಯಾಹ್ನ, ಆಸ್ಪತ್ರೆಯ ಗೋಡೆಗಳ ಮೇಲೆ ಬಣ್ಣಬಣ್ಣದ ಚೌಕಗಳು ಎದ್ದವು. ಆಮೇಲೆ ಪರದೆ ಕಪ್ಪಾಯಿತು.

ಕಂಪನಿಗೆ ಕಳಿಸೋಣವೆಂದರೆ ಚೀಟಿ ಕೆರೆದಾಗಿತ್ತು. ಇಬ್ಬರೂ ಕಾರ್ಡ್ ರಿಪೇರಿಯವನ ಅಂಗಡಿಗೆ ಓಡಿದರು.

"ಕೂಲರ್ ನೋಡೋದೇ ಬೇಡ ಸರ್, ಅದನ್ನ ನಮ್ಮಪ್ಪ ಹಾಕಿದ್ದು. ವೇಗ ಏರಿಸಿದ್ದು ನಾನು. ನನ್ನ ದುರಾಸೆನೇ ಮುಳುವಾಯ್ತು," ಎಂದಳು ಮಗಳು.

ತಂಪಣ್ಣನ ಕಣ್ಣು ಮೇಜಿನ ಮೇಲಿತ್ತು. ಇನ್ಯಾರದೋ ಕಾರ್ಡಿನ ಸಣ್ಣ ಚಿಪ್‌ಗಳ ಮೇಲೆ ರಿಪೇರಿಯವನು ಚಿಮಟದಿಂದ ಅದೇ ಬೂದು ಪಟ್ಟಿಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ. ತಾನು ಕಿತ್ತದ್ದೂ ಇಂಥವನ್ನೇ ಎಂದು ತಂಪಣ್ಣನಿಗೆ ಹೊಳೆಯಿತು. ಬಿಚ್ಚಿದರೆ ಹೇಗೂ ತಿಳಿಯುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಕೂಸು ತನ್ನನ್ನೇ ಹಳಿದುಕೊಳ್ಳುತ್ತಾ ನಿಂತಿರಬೇಕೇ? ಅವನು ಜೇಬಿಗೆ ಕೈಹಾಕಿದ. ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು.

"ಇವು ಅದರವೇನ್ರಿ? ಹಳೇ ಗ್ಯಾಸ್ಕೆಟ್ ಅಂತ ನಾನೇ ಕಿತ್ತಾಕಿದೆ. ಅವಳದೇನೂ ತಪ್ಪಿಲ್ಲ."

ರಿಪೇರಿಯವನು ನಗಲಿಲ್ಲ, ಅದು ಅವನ ದೊಡ್ಡತನ. "ಗ್ಯಾಸ್ಕೆಟ್ ಅಲ್ಲ ಯಜಮಾನ್ರೇ. ಸಣ್ಣ ಚಿಪ್‌ಗಳ ಬಿಸಿ ಕೂಲರಿಗೆ ದಾಟೋದೇ ಇದರಿಂದ. ಇದಿಲ್ದೆ ಅವು ಬೆಂದುಹೋಗಿವೆ. ಸತ್ತಿರೋದನ್ನ ಬದಲಾಯಿಸಿ, ಹೊಸ ಪಟ್ಟಿ ಅಂಟಿಸಿ ಕೊಡ್ತೀನಿ. ಮನೇಲಿ ಹಳೇ ಕೂಲರನ್ನೇ ಹಾಕ್ಕೊಳ್ಳಿ, ವೇಗದ ತಂಟೆಗೆ ಹೋಗಬೇಡಿ. ಆದ್ರೆ ಶನಿವಾರ ಆಗುತ್ತೆ."

ಶುಕ್ರವಾರದ ಕೆಲಸಕ್ಕೆ ಶನಿವಾರದ ಕಾರ್ಡು. ಮನೆಯವರೆಗೂ ಮಗಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ತಂಪಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಶುಕ್ರವಾರ ಅವಳು ಚಲಿಸದ, ನಿಂತ ಚಿತ್ರಗಳನ್ನಷ್ಟೇ ಹಿಡಿದುಕೊಂಡು ಹೋಗಿಬಂದಳು. ಸಂಜೆಯೊಳಗೆ ಸುದ್ದಿ ಬಂತು, ಕೆಲಸ ಬೇರೆಯವರ ಪಾಲಾಗಿತ್ತು.

ಶನಿವಾರ ಕಾರ್ಡ್ ತಂದು ಅವಳು ಮೇಜಿನ ಮೇಲಿಟ್ಟಳು. ತಂಪಣ್ಣ ಹಳೇ ಕೂಲರನ್ನು ಒರೆಸಿ ಪಕ್ಕದಲ್ಲಿಟ್ಟು, ಬಾಗಿಲಿಗೆ ಹೋಗಿ ನಿಂತ.

"ನೀನೇ ಹಾಕ್ಕೋ ಮಗಳೇ. ನಾನು ಮುಟ್ಟಲ್ಲ."

ಮಗಳು ಕಾರ್ಡಿನ ಮೇಲಿನ ಹೊಸ ಪಟ್ಟಿಗಳನ್ನು ಬೆರಳಿಟ್ಟು ಎಣಿಸಿದಳು. ಎಂಟೂ ಇದ್ದವು. ತಿರುಪು ಕೈಗೆತ್ತಿಕೊಂಡಳು, ಹಾಗೇ ಕೆಳಗಿಟ್ಟಳು.

"ನಂಗೆ ಕೋಪ ಇನ್ನೂ ಹೋಗಿಲ್ಲಪ್ಪ," ಎಂದಳು, ತಲೆಯೆತ್ತದೆ. "ಆದ್ರೆ ಒಬ್ಬಳೇ ಹಾಕೋಕೆ ಭಯ. ಬಾ."

ತಂಪಣ್ಣ ಬಂದು ಕೂತ. ಕನ್ನಡಕ ಹಾಕಿಕೊಂಡು, ತಿರುಪು ಮುಟ್ಟುವ ಮೊದಲು, ಎಂಟನ್ನೂ ತಾನೂ ಒಮ್ಮೆ ಎಣಿಸಿದ.